ಬೂಷ್ಟು ಉಣಿಸಿದ ಸೀತಾಳೆ

ನನ್ನ ಕೆಲಸವನ್ನು ಒಂದೇ ಮಾತಿನಲ್ಲಿ ಹೇಳಬೇಕೆಂದರೆ, ನಾನು ಬೂಷ್ಟಿನ ವೈರಿ. ರಾಮಮೂರ್ತಿ ನಗರದ ಒಂದು ಟಿಶ್ಯೂ ಕಲ್ಚರ್ ಲ್ಯಾಬಿನಲ್ಲಿ ಹತ್ತೊಂಬತ್ತು ವರ್ಷದಿಂದ ಬಾಳೆ ಸಸಿ ಮಾಡುತ್ತಿದ್ದೇನೆ. ಮಣ್ಣಿನಲ್ಲಲ್ಲ, ಗಾಜಿನ ಬಾಟಲಿಯಲ್ಲಿ. ಸಕ್ಕರೆ, ಲವಣಗಳನ್ನು ಹಾಕಿ ಗಟ್ಟಿ ಮಾಡಿದ ಜೆಲ್ಲಿಯ ಮೇಲೆ ಬಾಳೆಯ ಮೊಳಕೆಯ ಚೂರನ್ನು ಇಟ್ಟರೆ ಅದು ಒಂದು ಎರಡಾಗಿ, ಎರಡು ನಾಲ್ಕಾಗಿ ಒಡೆಯುತ್ತ ಹೋಗುತ್ತದೆ. ಆ ಜೆಲ್ಲಿ ಬಾಳೆಗಿಂತ ಬೂಷ್ಟಿಗೇ ಹೆಚ್ಚು ರುಚಿ. ಗಾಳಿಯಲ್ಲಿ ತೇಲುವ ಒಂದು ಕಣ ಒಳಗೆ ಬಿದ್ದರೆ ಸಾಕು, ಮೂರು ದಿನದಲ್ಲಿ ಬಾಟಲಿ ತುಂಬ ಹತ್ತಿ. ಅದಕ್ಕೇ ದಿನಾ ಬೆಳಗ್ಗೆ ರ‍್ಯಾಕುಗಳ ನಡುವೆ ಒಂದು ಸುತ್ತು ಬರುತ್ತೇನೆ. ಬೂಷ್ಟು ಕಂಡ ಬಾಟಲಿಯನ್ನು ಎತ್ತಿ ಕೆಂಪು ಕ್ರೇಟಿಗೆ ಹಾಕುತ್ತೇನೆ. ಕ್ರೇಟು ಆಟೋಕ್ಲೇವಿಗೆ ಹೋಗುತ್ತದೆ. ಅದೊಂದು ಎದೆಯೆತ್ತರದ ಕುಕ್ಕರು, ಅದರೊಳಗೆ ಹೋದ ಯಾವುದೂ ಬದುಕಿ ಬರುವುದಿಲ್ಲ.

ಈ ಚಾಳಿ ಮನೆಗೂ ಬಂದಿದೆ. ಹಲಸೂರಿನ ನಮ್ಮ ಬಾಡಿಗೆ ಮನೆಯಲ್ಲಿ ಬ್ರೆಡ್ಡಿನ ಅಂಚಿಗೆ ಒಂದು ಹಸಿರು ಚುಕ್ಕಿ ಕಂಡರೆ ಇಡೀ ಪ್ಯಾಕೆಟ್ಟೇ ಹೊರಗೆ. ಉಪ್ಪಿನಕಾಯಿ ಜಾಡಿಯನ್ನು ನನ್ನ ಹೊರತು ಯಾರೂ ಮುಟ್ಟುವಂತಿಲ್ಲ. "ನೀನು ಪೊಲೀಸ್ ಆಗ್ಬೇಕಿತ್ತು ಕಣೇ" ಎಂದು ಗಂಡ ರೇಗಿಸುತ್ತಾನೆ. ನನಗದು ಹೊಗಳಿಕೆಯಂತೆಯೇ ಕೇಳಿಸುತ್ತಿತ್ತು.

ಐದು ವರ್ಷದ ಹಿಂದೆ, ಮೇ ತಿಂಗಳ ಒಂದು ಭಾನುವಾರ, ಆಟೋ ಹಿಡಿದು ರಸೆಲ್ ಮಾರ್ಕೆಟ್ಟಿಗೆ ಹೊರಟಿದ್ದೆ. ಹಿಂದಿನ ಸಂಜೆ ಗಾಳಿಮಳೆ ಜೋರಾಗಿತ್ತು. ಫ್ರೇಜರ್ ಟೌನಿನ ಒಂದು ಓಣಿಯಲ್ಲಿ ಹಳೇ ಮಾವಿನಮರದ ದೊಡ್ಡ ಕೊಂಬೆ ಕಾಂಪೌಂಡ್ ಗೋಡೆಯ ಮೇಲಿಂದ ರಸ್ತೆಗೆ ಬಿದ್ದು ದಾರಿ ಬಂದ್ ಆಗಿತ್ತು. ಆಟೋದವನನ್ನು ಬೈಯುತ್ತಾ ಇಳಿದು ನಡೆದೆ. ಕೊಂಬೆ ಕಡಿದು ಲಾರಿಗೆ ತುಂಬುತ್ತಿದ್ದವರ ಕಾಲ ಬಳಿ ಅದು ಬಿದ್ದಿತ್ತು. ಬೆಲ್ಟಿನಂಥ ದಪ್ಪ ಎಲೆಗಳು, ಬೆರಳುಗಾತ್ರದ ಬಿಳಿ ಬೇರುಗಳು, ಕಂದು ಚೌಕುಳಿಯ ನಾಲ್ಕು ಹೂ. ಸೀತಾಳೆ. ಜನ ಆರ್ಕಿಡ್ ಅನ್ನುತ್ತಾರಲ್ಲ, ಅದರ ನಮ್ಮ ಕಡೆಯ ಕಾಡುಜಾತಿ. ಓದುವಾಗ ಪುಸ್ತಕದಲ್ಲಿ ನೋಡಿದ್ದೆ. ಊರ ನಡುವೆ, ಅದೂ ಕಂಟೋನ್ಮೆಂಟಿನಲ್ಲಿ, ಕಣ್ಣಾರೆ ಕಂಡದ್ದು ಅದೇ ಮೊದಲು.

"ಬಂದಳಿಕೆ ಮೇಡಂ ಅದು. ಮರಾನ ತಿಂದ್ಹಾಕುತ್ತೆ. ಹೋಗಿದ್ದೇ ಒಳ್ಳೇದಾಯ್ತು" ಎಂದ ಮಚ್ಚು ಹಿಡಿದಿದ್ದವನು.

"ಬಂದಳಿಕೆ ಅಲ್ಲ ಕಣಪ್ಪಾ. ಇದು ಮರದ ಮೇಲೆ ಕೂತ್ಕೊಳುತ್ತೆ ಅಷ್ಟೇ. ಮರದಿಂದ ಒಂದು ತೊಟ್ಟೂ ಕುಡಿಯಲ್ಲ" ಎಂದು ಜಗಳಕ್ಕೇ ನಿಂತೆ. ನನ್ನ ದನಿ ಕೇಳಿ ಗೇಟಿನೊಳಗಿಂದ ಮನೆಯ ಯಜಮಾನರು ಬಂದರು. ಶಿವಾಜಿನಗರದಲ್ಲಿ ಬಟ್ಟೆ ವ್ಯಾಪಾರ ಮಾಡಿ ಈಗ ಅಂಗಡಿಯನ್ನು ಮಕ್ಕಳಿಗೆ ಬಿಟ್ಟುಕೊಟ್ಟ ಹಿರಿಯರು. ಬಿಳಿ ಟೋಪಿ, ಲುಂಗಿ, ಕೈಯಲ್ಲಿ ಅರ್ಧ ಕುಡಿದ ಚಹಾ. ನಾನು ಅವರನ್ನು ಅಂದಿನಿಂದ ಸಾಹೇಬರೆಂದೇ ಕರೆಯುತ್ತಿದ್ದೇನೆ.

"ನಮ್ಮ ಅಮ್ಮೀ ಕಾಲದಿಂದ ಅದೇ ಕೊಂಬೆ ಮೇಲೆ ಇತ್ತಮ್ಮಾ" ಎಂದರು ಸಾಹೇಬರು. "ಬೆಳಿಗ್ಗೆ ಬಾಗ್ಲು ತೆಗೆದ್ರೆ ವಾಸನೆ ಬರೋದು. ಮೊದ್ಲು ಈ ಬೀದೀಲಿ ಸುಮಾರು ಮರದ ಮೇಲೆ ಇತ್ತು. ಮಂಡಿನೋವಿಗೆ ಒಳ್ಳೇದು ಅಂತ ಬೇರು ಕಿತ್ಕೊಂಡು ಹೋದ್ರು. ಆಮೇಲೆ ಮರಗಳೇ ಹೋದ್ವು. ಉಳಿದಿದ್ದು ಇದೊಂದೇ."

ಗಿಡದ ಕಾಂಡ ಜಜ್ಜಿಹೋಗಿತ್ತು. ಆದರೆ ಬುಡದ ಹತ್ತಿರ ಒಂದು ಕಾಯಿ ಇತ್ತು, ಏಣುಗಳಿದ್ದ ಹಸಿರು ಕಾಯಿ, ಬೆರಳುದ್ದ. ಹೋದ ವರ್ಷದ ಹೂವಿನದಿರಬೇಕು. ಅದನ್ನು ಕಂಡದ್ದೇ ನನ್ನ ಬಾಯಿ ನನ್ನ ಮಾತು ಕೇಳದೆ ಓಡಿತು. "ಇದರಲ್ಲಿ ಲೆಕ್ಕವಿಲ್ಲದಷ್ಟು ಬೀಜ ಇರುತ್ತೆ ಸಾಹೇಬ್ರೇ. ನಂದು ಅದೇ ಕೆಲಸ. ಒಂದು ವರ್ಷ ಟೈಮ್ ಕೊಡಿ, ನಿಮ್ಮ ಮರದ ತುಂಬ ಕೂರಿಸಿ ಕೊಡ್ತೀನಿ." ಸಾಹೇಬರು ನನ್ನನ್ನೂ ಕಾಯನ್ನೂ ಒಮ್ಮೆ ನೋಡಿ, "ಇನ್ಶಾ ಅಲ್ಲಾ" ಎಂದರು. ಆಮೇಲೆ ಹಳೇ ಲುಂಗಿ ಹರಿದು ತಾಯಿ ಗಿಡವನ್ನು ಉಳಿದ ಮರದ ಬೊಡ್ಡೆಗೆ ತಾವೇ ಕಟ್ಟಿದರು.

ಬಾಳೆಯಲ್ಲಿ ಲಕ್ಷಗಟ್ಟಲೆ ಸಸಿ ಮಾಡಿದವಳಿಗೆ ಇದೇನು ಮಹಾ ಅಂದುಕೊಂಡಿದ್ದೆ. ಕಾಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ, ಉರಿಗೆ ಹಿಡಿದು, ಸೀಳಿದೆ. ಬೀಜ ಅಂದರೆ ಬೀಜವಲ್ಲ, ಟಾಲ್ಕಂ ಪೌಡರು. ಉಸಿರು ಬಿಟ್ಟರೆ ಹಾರಿಹೋಗುತ್ತದೆ. ಅರ್ಧವನ್ನು ಕಾಗದದ ಪೊಟ್ಟಣ ಕಟ್ಟಿ ಫ್ರಿಜ್ಜಿನಲ್ಲಿಟ್ಟೆ. ಇನ್ನರ್ಧವನ್ನು ನಮ್ಮ ಸಕ್ಕರೆ ಜೆಲ್ಲಿಯ ಮೇಲೆ ಚೆಲ್ಲಿದೆ. ಮೊಳೆತವು. ವರ್ಷ ತುಂಬುವಷ್ಟರಲ್ಲಿ ಮಿರಮಿರ ಮಿಂಚುವ ಎಲೆಯ ಸಸಿಗಳು ಸಿದ್ಧವಾದವು. ಒಂದು ಚುಕ್ಕಿ ಬೂಷ್ಟಿಲ್ಲ. ಜೂನ್ ತಿಂಗಳ ಮಳೆ ನೋಡಿಕೊಂಡು ಸಾಹೇಬರ ಮರಕ್ಕೆ ಕಟ್ಟಿ, ಏಣಿಯಿಂದ ಇಳಿದು, ಪಾಸಾದ ಹುಡುಗಿಯಂತೆ ಅವರ ಮನೆಯ ಚಹಾ ಕುಡಿದೆ.

ದಸರೆಯ ಹೊತ್ತಿಗೆ ಅರ್ಧ ಹೋಗಿದ್ದವು. ಸಂಕ್ರಾಂತಿಗೆ ಒಂದೂ ಇರಲಿಲ್ಲ. ಇತ್ತ ತಾಯಿ ಗಿಡವೂ ಒಂದೊಂದೇ ಎಲೆ ಉದುರಿಸುತ್ತಿತ್ತು. "ಪರವಾಗಿಲ್ಲಮ್ಮಾ, ನೀವು ಮಾಡೋದು ಮಾಡಿದ್ರಿ" ಎಂದರು ಸಾಹೇಬರು. ಬೈದಿದ್ದರೆ ಸಮಾಧಾನವಾಗುತ್ತಿತ್ತು. ಹಾಗೆ ಮೆತ್ತಗೆ ಹೇಳಿದ್ದಕ್ಕೆ ನನಗೆ ನನ್ನ ಮೇಲೇ ಸಿಟ್ಟು ಬಂತು.

ಕಾಲೇಜಿನಲ್ಲಿ ಜೊತೆಗೆ ಓದಿದ ಗೆಳತಿಯೊಬ್ಬಳು ಕಾಡಿನ ಆರ್ಕಿಡ್‌ಗಳ ಮೇಲೆಯೇ ಕೆಲಸ ಮಾಡುತ್ತಾಳೆ. ನಾಚಿಕೆ ಬಿಟ್ಟು ಫೋನ್ ಮಾಡಿದೆ. ಎಲ್ಲ ಕೇಳಿಸಿಕೊಂಡು ಅವಳು ನಕ್ಕಳು. "ಬೂಷ್ಟು ಎಲ್ಲೇ?" ಎಂದಳು.

"ಬೂಷ್ಟು ಯಾಕೆ ಇರುತ್ತೆ? ನಾನೇನು ಗಲೀಜಾಗಿ ಕೆಲಸ ಮಾಡ್ತೀನಾ?"

"ಅದೇ ಕಣೇ ನಿನ್ನ ತಪ್ಪು. ಆರ್ಕಿಡ್ ಬೀಜಕ್ಕೆ ಊಟ ಹಾಕೋದೇ ಅದು."

ಅವಳು ಹೇಳಿದ್ದನ್ನು ನಾನು ಆ ಇಡೀ ವಾರ ಬಸ್ಸಿನಲ್ಲಿ ಕೂತು ಮೆಲುಕು ಹಾಕಿದೆ. ರಾಗಿ ಕಾಳು ಎಷ್ಟು ಚಿಕ್ಕದು, ಆದರೂ ಅದು ತನ್ನ ಬುತ್ತಿಯನ್ನು ಕಟ್ಟಿಕೊಂಡೇ ಹುಟ್ಟುತ್ತದೆ. ಮೊಳೆತು ಎಲೆ ಬಿಡುವವರೆಗೆ ಒಳಗಿನ ಹಿಟ್ಟನ್ನೇ ಉಣ್ಣುತ್ತದೆ. ಸೀತಾಳೆ ಬೀಜಕ್ಕೆ ಬುತ್ತಿಯೇ ಇಲ್ಲ. ಗಾಳಿಯಲ್ಲಿ ಹಾರಿ ಯಾವುದೋ ತೊಗಟೆಯ ಮೇಲೆ ಬಿದ್ದು ಸುಮ್ಮನೆ ಕಾಯುತ್ತದೆ. ತೊಗಟೆಯಲ್ಲಿರುವ ಒಂದು ಜಾತಿಯ ಬೂಷ್ಟು ಅದರೊಳಗೆ ನುಗ್ಗುತ್ತದೆ. ಬಹುಶಃ ತಿನ್ನುವುದಕ್ಕೇ ನುಗ್ಗುತ್ತದೆ. ಬೀಜ ಅದನ್ನೇ ಅರಗಿಸಿಕೊಂಡು ಬೆಳೆಯುತ್ತದೆ. ಗಿಡ ದೊಡ್ಡದಾದ ಮೇಲೂ ಬೂಷ್ಟು ಬೇರಿನಲ್ಲಿ ಉಳಿದುಕೊಳ್ಳುತ್ತದೆ. ಯಾರು ಯಾರ ಮನೆಯಲ್ಲಿ ಬಾಡಿಗೆಗಿದ್ದಾರೆ ಅನ್ನುವುದು ಕೇಳಿದಷ್ಟೂ ಸೋಜಿಗ. ನನ್ನ ಸಕ್ಕರೆ ಉಂಡು ಬೆಳೆದ ಸಸಿಗಳಿಗೆ ಈ ನಂಟೇ ಇರಲಿಲ್ಲ.

"ಕಾಡಲ್ಲಾದ್ರೆ ತೊಗಟೇಲೇ ಸಿಗಬಹುದು" ಎಂದಿದ್ದಳು ಗೆಳತಿ. "ವರ್ಷಾ ವರ್ಷಾ ಸುಣ್ಣ ಬಳಿದು, ಹೊಗೆ ಕುಡಿದಿರೋ ನಿಮ್ಮೂರ ಮರದಲ್ಲಿ ಏನಿರುತ್ತೋ ಯಾರಿಗ್ಗೊತ್ತು. ಆ ತಾಯಿ ಗಿಡ ಸಾಯೋದರೊಳಗೆ ಅದರ ಬೇರು ತಗೋ. ತೊಗಟೆಗೆ ಅಂಟಿರೋ ಕಡೆಯಿಂದ."

ಬೇರನ್ನು ತೆಳ್ಳಗೆ ಹೆಚ್ಚಿ ಸೂಕ್ಷ್ಮದರ್ಶಕದಲ್ಲಿ ಇಟ್ಟೆ. ಒಂದೊಂದು ಕೋಶದೊಳಗೂ ಶಾವಿಗೆ ಸುತ್ತಿಟ್ಟಂತೆ ಎಳೆಗಳು. ನಾನು ಜೀವಮಾನವಿಡೀ ಕೊಂದ ವಸ್ತು ಅಲ್ಲಿ ಅಚ್ಚುಕಟ್ಟಾಗಿ ಕೂತಿತ್ತು. ಆ ದಿನ ಊಟದ ಗಂಟೆ ಮರೆತು ನೋಡಿದೆ.

ಲ್ಯಾಬಿನ ಯಜಮಾನರಿಗೆ ಹೇಳಿದಾಗ ಅವರು ಬೆಚ್ಚಿದರು. ಸಹಜವೇ, ಒಂದು ಕಣ ತಪ್ಪಿಸಿಕೊಂಡರೆ ಬಾಳೆಯ ರ‍್ಯಾಕುಗಳೇ ಹಾಳು. ಕೊನೆಗೆ ಹಿಂದಿನ ಸಾಮಾನು ಕೋಣೆಯಲ್ಲಿ ಮಾಡಿಕೊಳ್ಳಿ ಎಂದರು. ಓಟ್ಸನ್ನು ನೀರುಗಂಜಿ ಮಾಡಿ, ಚೀನಾ ಗ್ರಾಸ್ ಹಾಕಿ ಗಟ್ಟಿ ಮಾಡಿ, ಅದರ ಮೇಲೆ ಬೇರಿನ ಚೂರುಗಳನ್ನು ಇಟ್ಟೆ. ಹೆಚ್ಚಿನ ತಟ್ಟೆಗಳಲ್ಲಿ ನಮ್ಮ ಹಳೇ ಪರಿಚಯದ ಹಸಿರು ಬೂಷ್ಟೇ ಬಂತು. ಒಂದೇ ಒಂದರಲ್ಲಿ ಬೇರೆಯದು, ಅವಸರವಿಲ್ಲದೆ ಹರಡುವ, ಜೇಡನ ಎಳೆಯಷ್ಟು ತೆಳುವಾದ ಬಿಳುಪು. ಫೋಟೋ ಕಳಿಸಿದೆ. "ಅದೇ ಇರಬಹುದು" ಎಂದಳು ಗೆಳತಿ. ಅದನ್ನು ಇನ್ನೊಂದೆರಡು ತಟ್ಟೆಗೆ ಹಾಕಿ, ಉಳಿದಿದ್ದ ಬೀಜವನ್ನೆಲ್ಲ ಹನ್ನೆರಡು ಬಾಟಲಿಗೆ ಹಂಚಿ, ಒಂದೊಂದಕ್ಕೂ ಬೂಷ್ಟಿನ ಒಂದು ಚೂರು ಇಟ್ಟು ಮುಚ್ಚಿದೆ. ಬೇಕೆಂದೇ ಬಾಟಲಿಗೆ ಬೂಷ್ಟು ಹಾಕಿದ್ದು ಅದೇ ಮೊದಲು.

ಮಾರ್ಚಿನಲ್ಲಿ ತಾಯಿ ಗಿಡ ಸತ್ತಿತು. ಅದೇ ತಿಂಗಳು ಬಾಟಲಿಯೊಳಗೆ, ಬಿಳಿ ಎಳೆಗಳ ನಡುವೆ, ಸಾಸಿವೆಗಿಂತ ಸಣ್ಣ ಹಸಿರು ಗುಂಡುಗಳು ಕಂಡವು. ಸಾಮಾನು ಕೋಣೆಯಲ್ಲಿ ಬೆಳಕಿಲ್ಲ. ಬಾಟಲಿಗಳ ಬಾಯಿಗೆ ಟೇಪು ಸುತ್ತಿ, ನನ್ನ ಕೈಬರಹದ ಚೀಟಿ ಅಂಟಿಸಿ, ಯಜಮಾನರಿಗೆ ಹೇಳದೆ ಬಾಳೆ ಕೋಣೆಯ ಮೂಲೆಯ ರ‍್ಯಾಕಿನಲ್ಲಿ ಇಟ್ಟೆ. ಬೂಷ್ಟಿನ ತಟ್ಟೆಗಳನ್ನೂ ಅಲ್ಲೇ ಇಟ್ಟೆ.

ಇನ್ನು ಮುಂದಿನದನ್ನು ಬರೆಯಲು ನನಗೆ ಈಗಲೂ ಮುಜುಗರ. ಯುಗಾದಿ ಕಳೆದ ಮೇಲಿನ ಸೋಮವಾರ ದೊಡ್ಡ ಆರ್ಡರಿನ ಗಡಿಬಿಡಿಯಿತ್ತು. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಯಾರಿಗೋ ಉತ್ತರ ಹೇಳುತ್ತಾ, ಎಂದಿನಂತೆ ರ‍್ಯಾಕುಗಳ ನಡುವೆ ಸುತ್ತು ಬಂದೆ. ಕಣ್ಣು ಬೂಷ್ಟು ಹುಡುಕಿತು, ಕೈ ಎತ್ತಿ ಕ್ರೇಟಿಗೆ ಹಾಕಿತು. ಚೀಟಿ ಓದುವ ಕೆಲಸವನ್ನು ನಾನು ನನ್ನ ಕಣ್ಣಿಗೆ ಯಾವತ್ತೂ ಕಲಿಸಿರಲಿಲ್ಲ. ಹನ್ನೆರಡು ಬಾಟಲಿ, ತಟ್ಟೆಗಳು, ಎಲ್ಲವನ್ನೂ ನಾನೇ ಆಟೋಕ್ಲೇವಿನ ಬಾಗಿಲಿಗೆ ಕಳಿಸಿದೆ. ಊಟಕ್ಕೆ ಡಬ್ಬಿ ತೆರೆದು ಮೊದಲ ತುತ್ತು ಎತ್ತಿದಾಗ ಆ ಮೂಲೆ ಖಾಲಿಯಿದ್ದದ್ದು ತಲೆಗೆ ಹೊಳೆಯಿತು.

ತೊಳೆಯುವ ಕಡೆಗೆ ಓಡಿದೆ. ಬಾಟಲಿ ತೊಳೆಯುವ ಅಕ್ಕ ನಲ್ಲಿಯ ಮುಂದೆ ಕೂತಿದ್ದರು. ರಾಯಚೂರು ಕಡೆಯವರು, ಲ್ಯಾಬಿನ ಹಿಂದಿನ ಬೀದಿಯಲ್ಲೇ ಒಂದು ಬಾಡಿಗೆ ಕೋಣೆ. ಆರು ವರ್ಷದಿಂದ ಅವರ ಜೊತೆ ನಾನು ಆಡಿದ ಮಾತೆಲ್ಲ ಬ್ರಶ್ಶು, ಸೋಪಿನ ಬಗ್ಗೆ ಮಾತ್ರ. ಅವರ ಪಕ್ಕದ ಟಬ್ಬಿನಲ್ಲಿ ನನ್ನ ಚೀಟಿ ಅಂಟಿದ್ದ ಬಾಟಲಿಗಳು ಬೆಂದು ಕಂದಾಗಿ ತಣಿಯುತ್ತಿದ್ದವು.

"ಅಕ್ಕಾ, ಬೆಳಗ್ಗೆ ಕ್ರೇಟಲ್ಲಿದ್ದದ್ದನ್ನ ಎಲ್ಲಾ ಹಾಕ್ಬಿಟ್ರಾ?"

"ಹಾಕೀನ್ರಿ." ಅವರು ನನ್ನ ಮುಖ ನೋಡಿದರು. ಸೆರಗಿಗೆ ಕೈ ಒರೆಸಿಕೊಂಡರು. ಆಮೇಲೆ ನಿಧಾನವಾಗಿ, "ಒಂದ್ ಬಿಟ್ಟು" ಎಂದರು.

ಫಿನೈಲ್ ಕ್ಯಾನುಗಳ ಹಿಂದಿನಿಂದ ಹಳೇ ಟವೆಲಿನಲ್ಲಿ ಸುತ್ತಿದ ಬಾಟಲಿಯೊಂದನ್ನು ತೆಗೆದರು. "ಒಳಗ ಹಸರು ಕಾಣಿಸ್ತ್ರಿ. ಹಸರು ಇದ್ದದ್ದನ್ನ ಕುದಿಯಾಕ ಹಾಕಲಿಕ್ಕೆ ಮನಸ್ಸು ಬರಂಗಿಲ್ರಿ ನನಗ."

ಆ ಬಾಟಲಿ ನೋಡಿ ನನ್ನ ಬಾಯಿಂದ ಬಂದ ಮೊದಲ ಮಾತು ಏನು ಗೊತ್ತೇ? "ಬೂಷ್ಟು ಬಂದದ್ದನ್ನ ಹೊರಗೆ ಇಡ್ಬಾರದು ಅಂತ ಎಷ್ಟು ಸಲ ಹೇಳಿದೀನಿ?" ವರ್ಷಗಟ್ಟಲೆಯ ಅಭ್ಯಾಸ. ಹೇಳಿ ಮುಗಿಸಿದ ಮೇಲೆ ಬಾಟಲಿಯನ್ನು ಮಡಿಲಲ್ಲಿಟ್ಟುಕೊಂಡು ಅಲ್ಲೇ ಕಟ್ಟೆಯ ಮೇಲೆ ಕೂತೆ.

ಅಕ್ಕ ಹೆದರಿದ್ದರು. ಆದರೂ ಮುಚ್ಚಿಡಲಿಲ್ಲ. "ಇದೊಂದ ಅಲ್ರಿ. ಮೊದಲಿಂದ ಒಂದೊಂದ್ ಒಯ್ತೀನ್ರಿ ಮನಿಗೆ. ಬಾಳಿ ಸಸಿಗೋಳ್ರಿ. ಬೇಕಾದ್ರ ಕೆಲಸದಿಂದ ತೆಗೀರಿ" ಎಂದರು.

ತೆಗೆಯುವ ಮಾತು ಎಲ್ಲಿ ಬಂತು. ಸಂಜೆ ಅವರ ಹಿಂದೆಯೇ ಹೋಗಿ ನೋಡಿದೆ. ಸಾಲು ಕೋಣೆಗಳ ಹಿಂದೆ, ನೀರಿನ ಸಿಂಟೆಕ್ಸಿನ ಪಕ್ಕ, ಆರು ಬಾಳೆಗಿಡ. ಒಂದರಲ್ಲಿ ಗೊನೆ ಬಾಗಿತ್ತು. ಎಲ್ಲವೂ ನಾನು ಸತ್ತವೆಂದು ಕ್ರೇಟಿಗೆ ಹಾಕಿದ್ದವು. ಅಕ್ಕ ಅವನ್ನು ನಲ್ಲಿ ನೀರಿನಲ್ಲಿ ತೊಳೆದು ಮಣ್ಣಿಗೆ ಇಟ್ಟಿದ್ದರು, ಅಷ್ಟೇ. "ಬೂಷ್ಟು ಏನಾಯ್ತು ಮತ್ತೆ?" ಎಂದು ಕೇಳಿದೆ.

"ಮಣ್ಣಾಗ ಐತ್ರಿ. ಅದರ ಪಾಡಿಗೆ ಅದು, ಇದರ ಪಾಡಿಗೆ ಇದು."

ಇಷ್ಟು ವರ್ಷದಲ್ಲಿ ಆ ಪ್ರಶ್ನೆಯನ್ನು ನಾನು ಒಂದು ಸಲವೂ ಕೇಳಿರಲಿಲ್ಲ. ಬೂಷ್ಟು ಕಂಡ ಕೂಡಲೇ ಕಥೆ ಮುಗಿಯಿತು ಎಂದುಕೊಂಡಿದ್ದೆ. ಅಕ್ಕನ ಅಂಗಳದಲ್ಲಿ ನಿಂತು ನನಗೆ ನಾಚಿಕೆಯಾಯಿತು.

ಉಳಿದ ಒಂದು ಬಾಟಲಿಯಿಂದ ಹದಿನಾಲ್ಕು ಸಸಿ ಎದ್ದವು. ಸಕ್ಕರೆಯವುಗಳ ಮುಂದೆ ಇವು ಕುಳ್ಳು, ಸೊಟ್ಟ. ಅದೇ ಬಾಟಲಿಯ ಬೂಷ್ಟನ್ನು ಓಟ್ಸ್ ಗಂಜಿಯ ಮೇಲೆ ಮತ್ತೆ ಬೆಳೆಸಿಕೊಂಡೆ, ಈ ಸಲ ಸಾಮಾನು ಕೋಣೆಯಲ್ಲೇ, ಬಾಗಿಲಿಗೆ ಬೀಗ ಹಾಕಿ. ಮರುವರ್ಷದ ಜೂನಿನಲ್ಲಿ ಒಂಬತ್ತನ್ನು ಸಾಹೇಬರ ಮಾವಿಗೆ, ಐದನ್ನು ಅವರ ನೆರೆಮನೆಯ ಮರಕ್ಕೆ ಕಟ್ಟಿದೆ. ಬೇರಿಗೂ ತೊಗಟೆಗೂ ನಡುವೆ ಬೂಷ್ಟು ಹತ್ತಿದ ತೆಂಗಿನ ನಾರು, ಮೇಲೆ ಹತ್ತಿ ಸೀರೆಯ ಪಟ್ಟಿ. ಆ ವರ್ಷ ಮರಕ್ಕೆ ಸುಣ್ಣ ಬೇಡ ಎಂದು ಸಾಹೇಬರಿಂದ ಮಾತು ತೆಗೆದುಕೊಂಡೆ.

ಸಂಕ್ರಾಂತಿಗೆ ಹೋದೆ, ಇದ್ದವು. ಏಪ್ರಿಲ್ ಬಿಸಿಲಿನಲ್ಲಿ ಎಲೆ ಮಡಚಿಕೊಂಡು ಮುದುರಿದವು, ನಾಲ್ಕು ಒಣಗಿದವು, ಉಳಿದವು ಇದ್ದವು. "ನಿಮ್ಮ ಕೈಗುಣ ಚೆನ್ನಾಗಿದೆಯಮ್ಮಾ" ಎನ್ನುತ್ತಿದ್ದರು ಸಾಹೇಬರು ಹೋದಾಗಲೆಲ್ಲ. ನಾನು ಸುಮ್ಮನೆ ನಗುತ್ತಿದ್ದೆ. ಆ ನಗು ನನಗೇ ಹಿಡಿಸುತ್ತಿರಲಿಲ್ಲ.

ಒಂದು ಪರೀಕ್ಷೆ ಮಾತ್ರ ಬಾಕಿ ಇತ್ತು. ವರ್ಷ ತುಂಬಿದ ಮೇಲೆ ಪಟ್ಟಿ ಬಿಚ್ಚಬೇಕು, ಇಲ್ಲದಿದ್ದರೆ ಅದರಡಿಯಲ್ಲಿ ನೀರು ನಿಂತು ಬುಡ ಕೊಳೆಯುತ್ತದೆ. ಬಿಚ್ಚಿದಾಗ ಗಿಡ ಮರವನ್ನು ತಾನೇ ಹಿಡಿದುಕೊಂಡಿದ್ದರೆ ಅದು ಮರದ್ದು. ಇಲ್ಲದಿದ್ದರೆ ಇಷ್ಟು ದಿನ ಸೀರೆಯ ಚೂರಿಗೆ ನೇತಾಡಿದ್ದು ಅಂತ ಅರ್ಥ. ಮೂರು ಭಾನುವಾರ ಏಣಿ ಹತ್ತಿದೆ, ಮೂರು ಸಲವೂ ಪಟ್ಟಿ ಮುಟ್ಟಿ ಹಾಗೇ ಇಳಿದೆ. ಬಿದ್ದರೆ ಮತ್ತೆ ಹಾಕಲು ಬೀಜವಿಲ್ಲ, ತಾಯಿ ಗಿಡವಿಲ್ಲ. ಸಾಹೇಬರಿಗೆ ಹೇಳಲು ಮಾತೂ ಇರಲಿಲ್ಲ.

ನಾಲ್ಕನೇ ಭಾನುವಾರ ಅಕ್ಕನನ್ನು ಕರೆದುಕೊಂಡು ಹೋದೆ. ಸಾಹೇಬರು ಎಂದಿನಂತೆ ಕೈಗುಣದ ಮಾತು ಎತ್ತಿದರು. ಇನ್ನು ತಡೆಯಲಾಗಲಿಲ್ಲ. "ಕೈಗುಣ ಇವರದ್ದು ಸಾಹೇಬ್ರೇ" ಎಂದೆ. "ನಿಮ್ಮ ಬೀಜಾನೆಲ್ಲ ನಾನು ಕುಕ್ಕರಿಗೆ ಹಾಕಿದ್ದೆ. ಒಂದು ಬಾಟ್ಲಿ ಇವರು ತೆಗೆದಿಟ್ರು. ಇಲ್ಲಿರೋದೆಲ್ಲ ಅದರದ್ದೇ."

ಸಾಹೇಬರು ಮರದ ಕಡೆ ಒಮ್ಮೆ ನೋಡಿದರು. ಆಮೇಲೆ ಅಕ್ಕನ ಕಡೆ ತಿರುಗಿ, "ಕಾಂ ಕೇ ತುಮೇ?" ಎಂದು ಅವರ ಊರು ಕೇಳಿದರು. ಅಕ್ಕ ರಾಯಚೂರು ಎಂದದ್ದೇ ತಡ, ಇಬ್ಬರೂ ದಖನಿ ಉರ್ದುವಿನಲ್ಲಿ ಶುರುವಾದರು. ಅಕ್ಕನಿಗೆ ಆ ಭಾಷೆ ಅಷ್ಟು ಸಲೀಸು ಎಂದು ನನಗೆ ಗೊತ್ತೇ ಇರಲಿಲ್ಲ. ತುಮಕೂರಿನಿಂದ ಹಲಸೂರಿಗೆ ಮದುವೆಯಾಗಿ ಬಂದ ನನಗೆ ಬೀದಿಯ ತಮಿಳು ಬಂತು, ದಖನಿ ಮಾತ್ರ ಹತ್ತಲಿಲ್ಲ. ಅವರು ನಕ್ಕರು, ಮರ ತೋರಿಸಿದರು, ನನ್ನನ್ನೂ ತೋರಿಸಿದರು. ನಾನು ಪೆದ್ದಿಯಂತೆ ನಿಂತಿದ್ದೆ.

"ಏನಂತೆ?" ಎಂದು ಕೊನೆಗೆ ಕೇಳಿದೆ.

"ಇವತ್ತ ಏಣಿ ನಾನ ಹತ್ತಬೇಕಂತ್ರಿ" ಎಂದರು ಅಕ್ಕ. "ನೀವು ಕೆಳಗ ಹಿಡ್ಕೊಂಡು ನಿಂದ್ರಬೇಕಂತ."

ಸೆರಗು ಸೊಂಟಕ್ಕೆ ಸಿಕ್ಕಿಸಿ ಅವರು ಹತ್ತಿದರು. ನಾನು ಏಣಿ ಹಿಡಿದುಕೊಂಡೆ. ಕೆಳಗಿನಿಂದ ಎಲೆಗಳ ತುದಿ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. "ಬರೀ ನೋಡಿ ಅಕ್ಕಾ, ಮುಟ್ಬೇಡಿ. ಬೇರು ಯಾವ ಕಡೆ ಹೋಗಿದೆ? ತುದಿ ಹಸಿರಿದೆಯಾ?" ಎಂದು ಕೇಳುತ್ತಲೇ ಇದ್ದೆ.

"ಪಟ್ಟಿ ಕೊಯ್ಲೇನ್ರಿ?"

"ಬೇಡ, ಮುಂದಿನ ವಾರ..." ಎನ್ನುವಷ್ಟರಲ್ಲಿ ಸೀರೆಯ ಪಟ್ಟಿ ನನ್ನ ಭುಜದ ಮೇಲೆ ಬಿತ್ತು. ಅದರ ಹಿಂದೆಯೇ ಗಿಡವೂ ಬೀಳುತ್ತದೆಂದು ತಲೆ ತಗ್ಗಿಸಿ ಕಣ್ಣು ಮುಚ್ಚಿಕೊಂಡೆ. ಒಂದಿಷ್ಟು ತೊಗಟೆಯ ಪುಡಿ ಕುತ್ತಿಗೆಗೆ ಉದುರಿತು. ಮತ್ತೇನೂ ಬೀಳಲಿಲ್ಲ.

"ಏನಾಯ್ತು ಅಕ್ಕಾ? ಏನ್ ಮಾಡ್ತಿದೀರಾ?"

"ಜಗ್ಗಿ ನೋಡಾಕತ್ತೀನ್ರಿ" ಎಂದರು ಅಕ್ಕ ಮೇಲಿನಿಂದ. "ಮರ ಬಿಟ್ಟು ಬರವಲ್ದ್ರಿ."